ಸೋಲು ಯಾರದು? ಕಾಂಗ್ರೆಸ್ ಮಹಾಸಭೆಯ ಮೂರು ಅಧ್ಯಕ್ಷ ಚುನಾವಣೆಗಳ ವಿಚಾರ

೧

ರಾಜರ ಯುದ್ಧದಲ್ಲಿ ಸೋತವನು ರಾಜ್ಯವನ್ನು ಬಿಟ್ಟುಹೋಗುತ್ತಾನೆ; ಇಲ್ಲವೆ ಗೆದ್ದವನಿಗೆ ಕಪ್ಪಕಾಣಿಕೆಗಳನ್ನೊಪ್ಪಿಸಿ ಸಾಮಂತನಾಗುತ್ತಾನೆ. ಅಲ್ಲಿ ಸೋಲಿನ ಸ್ವರೂಪವೂ ಅದರ ಫಲವೂ ಸ್ಪಷ್ಟವಾಗಿರುತ್ತವೆ. ಒಂದೇ ಪಕ್ಷಕ್ಕೆ ಸೇರಿದ ಇಬ್ಬರು ಒಂದೇ ಸ್ಥಾನಕ್ಕಾಗಿ ಸ್ಪರ್ಧಿಸಿ, ಅಲ್ಪಮತಗಳ ಅಂತರದಿಂದ ಒಬ್ಬನು ಗೆದ್ದು ಮತ್ತೊಬ್ಬನು ಸೋತಾಗ ಸ್ಥಿತಿಯು ಹೀಗಿರುವುದಿಲ್ಲ. ಸೋತವನು ಬಿಟ್ಟುಹೋಗತಕ್ಕ ರಾಜ್ಯವೆಂಬುದು ಬೇರೆಯಿಲ್ಲ. ಗೆದ್ದವನು ಮರುದಿನವೇ ಅವನೊಡನೆ ಒಂದೇ ಜಮಖಾನದ ಮೇಲೆ ಕುಳಿತು ಕಾರ್ಯವನ್ನು ನಡೆಸಬೇಕು. ಆದುದರಿಂದ ಇಂಥ ಚುನಾವಣೆಗಳಲ್ಲಿ ಮತಗಳ ಎಣಿಕೆಯು ಮುಗಿದೊಡನೆ ವಿಷಯವು ಮುಗಿಯುವುದಿಲ್ಲ. ಸೋತವರು ಸೋಲನ್ನು ಹೇಗೆ ಸ್ವೀಕರಿಸುತ್ತಾರೆಂಬುದರ ಮೇಲೆ ಗೆಲವಿನ ಬೆಲೆಯೂ ನಿಂತಿರುತ್ತದೆ.

ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಇತಿಹಾಸದಲ್ಲಿ ಹನ್ನೆರಡು ವರ್ಷಗಳ ಅವಧಿಯೊಳಗೆ ಇಂಥ ಚುನಾವಣೆಗಳು ಮೂರು ನಡೆದವು. ೧೯೩೯ರಲ್ಲಿ ಶ್ರೀ ಸುಭಾಷಚಂದ್ರ ಬೋಸರಿಗೂ ಡಾಕ್ಟರ್ ಪಟ್ಟಾಭಿ ಸೀತಾರಾಮಯ್ಯನವರಿಗೂ, ೧೯೪೮ರಲ್ಲಿ ಪಟ್ಟಾಭಿಯವರಿಗೂ ಶ್ರೀ ಪುರುಷೋತ್ತಮದಾಸ ಟಂಡನ್ನರಿಗೂ, ೧೯೫೦ರಲ್ಲಿ ಟಂಡನ್ನರಿಗೂ ಆಚಾರ್ಯ ಕೃಪಲಾನಿಯವರಿಗೂ ಅಧ್ಯಕ್ಷಸ್ಥಾನಕ್ಕಾಗಿ ಸ್ಪರ್ಧೆಯಾಯಿತು. ಮೂರರಲ್ಲಿಯೂ ಅಂತರವು ಅಲ್ಪವೇ. ಆದರೆ ಪರಿಣಾಮಗಳು ಒಂದೇ ಬಗೆಯವಾಗಲಿಲ್ಲ. ಮೊದಲನೆಯದರಲ್ಲಿ ಗೆದ್ದವರು ಮೂರು ತಿಂಗಳಲ್ಲಿಯೂ ಮೂರನೆಯದರಲ್ಲಿ ಗೆದ್ದವರು ಒಂದು ವರ್ಷದಲ್ಲಿಯೂ ಸ್ಥಾನವನ್ನು ಬಿಡಬೇಕಾಯಿತು. ನಡುವಣದರಲ್ಲಿ ಗೆದ್ದವರು ಮಾತ್ರ ತಮ್ಮ ಅವಧಿಯನ್ನು ನೆಮ್ಮದಿಯಾಗಿ ಪೂರೈಸಿದರು. ಈ ಭೇದಕ್ಕೆ ಕಾರಣವು ಮತಗಳ ಸಂಖ್ಯೆಯಲ್ಲಿಲ್ಲ. ಸೋಲನ್ನು ತನ್ನದೆಂದು ಹೇಳಿದವರು ಯಾರು ಎಂಬುದರಲ್ಲಿದೆ. ಅದನ್ನೇ ಇಲ್ಲಿ ವಿಚಾರಿಸಲಾಗಿದೆ.

೨

ಆ ಕಾಲದ ಕಾಂಗ್ರೆಸ್ ನಿಬಂಧನೆಯಂತೆ ನಾಲ್ಕಾಣೆ ಚಂದಾ ಕೊಟ್ಟ ಸದಸ್ಯರು ಪ್ರತಿನಿಧಿಗಳನ್ನು ಆರಿಸುತ್ತಿದ್ದರು. ಆ ಪ್ರತಿನಿಧಿಗಳು ತಂತಮ್ಮ ಪ್ರಾಂತಗಳಲ್ಲಿ ಅಧ್ಯಕ್ಷಸ್ಥಾನಕ್ಕೆ ಮತ ಕೊಡುತ್ತಿದ್ದರು. ಹೀಗೆ ಆರಿಸಲ್ಪಟ್ಟವರನ್ನು ಜನರು ರಾಷ್ಟ್ರಪತಿಗಳೆಂದು ಕರೆಯುವುದು ರೂಢಿಯಾಗಿತ್ತು. ನಿಬಂಧನೆಯಲ್ಲಿ ಚುನಾವಣೆಯಿದ್ದರೂ ಆಚರಣೆಯಲ್ಲಿ ಸ್ಪರ್ಧೆಯು ಅಪೂರ್ವವಾಗಿತ್ತು. ಹಿರಿಯರು ಒಂದು ಹೆಸರನ್ನು ಒಪ್ಪಿದ ಬಳಿಕ ಉಳಿದವರು ಹಿಂದೆಗೆಯುತ್ತಿದ್ದರು. ೧೯೩೮ರ ಹರಿಪುರಾ ಅಧಿವೇಶನಕ್ಕೆ ಸುಭಾಷಚಂದ್ರ ಬೋಸರು ಅಧ್ಯಕ್ಷರಾದುದೂ ಹೀಗೆಯೇ.

೧೯೩೯ರ ಜನವರಿಯಲ್ಲಿ ಮಾತ್ರ ಈ ಪದ್ಧತಿಯು ಮುರಿಯಿತು. ಮೌಲಾನಾ ಅಬುಲ್ ಕಲಾಂ ಆಜಾದ್, ಬೋಸ್, ಪಟ್ಟಾಭಿ ಎಂಬ ಮೂರು ಹೆಸರುಗಳು ಸೂಚಿತವಾಗಿದ್ದವು. ಮೌಲಾನಾ ಅವರು ಪಟ್ಟಾಭಿಯವರನ್ನು ಸಮರ್ಥಿಸಿ ಹಿಂದೆಗೆದರು. ಬೋಸರು ಹಿಂದೆಗೆಯಲಿಲ್ಲ. ೧೯೩೫ರ ಕಾಯಿದೆಯಲ್ಲಿ ಕಲ್ಪಿತವಾಗಿದ್ದ ಒಕ್ಕೂಟದ ವಿಷಯದಲ್ಲಿ ಬ್ರಿಟಿಷರೊಡನೆ ರಾಜಿಯಾಗುವ ಸಂಭವವಿದೆಯೆಂದೂ, ಆದುದರಿಂದ ಅದನ್ನು ನಿಶ್ಚಯವಾಗಿ ವಿರೋಧಿಸುವವರೊಬ್ಬರು ಅಧ್ಯಕ್ಷರಾಗಬೇಕೆಂದೂ ಅವರು ಹೇಳಿದರು. ವಲ್ಲಭಭಾಯಿ ಪಟೇಲ್, ರಾಜೇಂದ್ರಪ್ರಸಾದ್ ಮೊದಲಾದ ಕಾರ್ಯಕಾರಿ ಸಮಿತಿಯ ಏಳು ಮಂದಿ ಸದಸ್ಯರು ಜನವರಿ ೨೪ರಂದು ಹೇಳಿಕೆಯನ್ನು ಪ್ರಕಟಿಸಿ, ವಿಶೇಷ ಕಾರಣವಿಲ್ಲದೆ ಒಬ್ಬರನ್ನೇ ಪುನಃ ಆರಿಸಬಾರದೆಂದೂ ಅಧ್ಯಕ್ಷರ ಆಯ್ಕೆಯು ಏಕಮತದಿಂದಾಗಬೇಕೆಂದೂ ಪ್ರತಿಪಾದಿಸಿದರು. ಸಮಿತಿಯ ಸದಸ್ಯರು ಒಟ್ಟಾಗಿ ಒಬ್ಬ ಅಭ್ಯರ್ಥಿಯ ಪಕ್ಷವನ್ನು ವಹಿಸುವುದು ಉಚಿತವಲ್ಲವೆಂಬುದು ಬೋಸರ ಪ್ರತ್ಯುತ್ತರ. ಆ ಏಳು ಮಂದಿಯಲ್ಲಿ ಆಚಾರ್ಯ ಕೃಪಲಾನಿಯವರೂ ಶಂಕರರಾವ್ ದೇವ್ ಅವರೂ ಇದ್ದರೆಂಬುದನ್ನು ನೆನಪಿನಲ್ಲಿಡಬೇಕು. ಹನ್ನೊಂದು ವರ್ಷಗಳ ಮೇಲೆ ಅವರಿಬ್ಬರೂ ಬೇರೊಂದು ಸ್ಪರ್ಧೆಯಲ್ಲಿ ಕಾಣಬರುತ್ತಾರೆ.

ಜನವರಿ ೨೯ರಂದು ಮತದಾನವಾಯಿತು. ಬೋಸರಿಗೆ ೧೫೮೦, ಪಟ್ಟಾಭಿಯವರಿಗೆ ೧೩೭೭ ಮತಗಳು ಬಂದವು. ಅಂತರವು ೨೦೩. ಒಂದುನೂರ ಎರಡು ಮಂದಿ ಪ್ರತಿನಿಧಿಗಳು ಮನಸ್ಸನ್ನು ಬದಲಾಯಿಸಿದ್ದರೆ ಫಲವೂ ಬದಲಾಗುತ್ತಿತ್ತು. ಪ್ರಾಂತವಾರು ಲೆಕ್ಕವು ಇನ್ನಷ್ಟು ವಿಚಾರಣೀಯವಾಗಿದೆ. ಬೋಸರ ಸ್ವಂತ ಪ್ರಾಂತವಾದ ಬಂಗಾಳದಲ್ಲಿ ಅವರಿಗೆ ೪೦೪, ಪಟ್ಟಾಭಿಯವರಿಗೆ ೭೯. ಪಟ್ಟಾಭಿಯವರ ಆಂಧ್ರದಲ್ಲಿ ಅವರಿಗೆ ೧೮೧, ಬೋಸರಿಗೆ ೨೮. ಗುಜರಾತಿನಲ್ಲಿ ಪಟ್ಟಾಭಿಯವರಿಗೆ ೧೦೦, ಬೋಸರಿಗೆ ಐದೇ ಐದು. ಕರ್ನಾಟಕ ಪ್ರಾಂತದ ಪ್ರತಿನಿಧಿಗಳು ನೆರೆಯ ಆಂಧ್ರವನ್ನು ಅನುಸರಿಸದೆ ಬೋಸರಿಗೆ ೧೦೬, ಪಟ್ಟಾಭಿಯವರಿಗೆ ೪೧ ಮತಗಳನ್ನಿತ್ತರು. ಬಂಗಾಳವೊಂದನ್ನು ಬಿಟ್ಟು ಎಣಿಸಿದರೆ ಬೋಸರಿಗೆ ಬಹುಮತವಿರಲಿಲ್ಲ. ಆಂಧ್ರವನ್ನೂ ಗುಜರಾತನ್ನೂ ಬಿಟ್ಟು ಎಣಿಸಿದರೆ ಅವರ ಬಹುಮತವು ಮತ್ತಷ್ಟು ಹಿರಿದಾಗುತ್ತಿತ್ತು. ಹೀಗೆ ಒಂದೊಂದು ಪ್ರಾಂತವನ್ನು ಬಿಟ್ಟು ಎಣಿಸುವ ತರ್ಕಕ್ಕೆ ಕೊನೆಯಿಲ್ಲ. ಅಲ್ಪಾಂತರದಿಂದ ಸೋತ ಪಕ್ಷವು ಮೊದಲು ಮಾಡುವ ಕೆಲಸವು ಇಂಥ ಎಣಿಕೆಯೇ ಆದುದರಿಂದ ಅದನ್ನು ಇಲ್ಲಿ ಸೂಚಿಸಿದೆ. ನಿಬಂಧನೆಯ ಮಟ್ಟಿಗೆ ಒಂದು ಮತದ ಗೆಲವೂ ಗೆಲವೇ.

೩

ಎರಡು ದಿನಗಳ ಬಳಿಕ, ಜನವರಿ ೩೧ರಂದು, ಮಹಾತ್ಮಾ ಗಾಂಧಿಯವರು ಬಾರ್ಡೋಲಿಯಿಂದ ಒಂದು ಹೇಳಿಕೆಯನ್ನು ಪ್ರಕಟಿಸಿದರು. ಮೌಲಾನಾ ಅವರು ಹಿಂದೆಗೆದ ಮೇಲೆ ಪಟ್ಟಾಭಿಯವರು ಹಿಂದೆಗೆಯದಂತೆ ಮಾಡಿದವರು ತಾವಾದುದರಿಂದ ಈ ಸೋಲು ಪಟ್ಟಾಭಿಯವರದೆನ್ನುವುದಕ್ಕಿಂತ ತಮ್ಮದೆನ್ನುವುದೇ ಸರಿಯೆಂಬುದು ಅದರ ಮುಖ್ಯ ತಾತ್ಪರ್ಯ. ತಮ್ಮ ತತ್ತ್ವ ಮತ್ತು ನೀತಿಗಳನ್ನು ಪ್ರತಿನಿಧಿಗಳು ಒಪ್ಪಲಿಲ್ಲವೆಂಬುದು ಇದರಿಂದ ತೋರುತ್ತದೆಂದೂ, ಅಲ್ಪಸಂಖ್ಯಾತರಾದವರು ಅಧ್ಯಕ್ಷರೊಡನೆ ನಡೆಯಲಾರದಿದ್ದರೆ ದ್ವೇಷವಿಲ್ಲದೆ ಹೊರಬರಬಹುದೆಂದೂ ಅವರು ತಿಳಿಸಿದರು.

ಈ ಹೇಳಿಕೆಯ ಮಹತ್ತ್ವವನ್ನು ತಿಳಿಯಬೇಕಾದರೆ ಗಾಂಧಿಯವರು ಕಾಂಗ್ರೆಸ್ಸಿನಲ್ಲಿ ಆಗ ಯಾವ ಸ್ಥಾನದಲ್ಲಿದ್ದರೆಂಬುದನ್ನು ನೋಡಬೇಕು. ಅವರು ಅಧ್ಯಕ್ಷರಾದುದು ೧೯೨೪ರಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಒಮ್ಮೆ ಮಾತ್ರ. ೧೯೩೪ರಲ್ಲಿ ಅವರು ನಾಲ್ಕಾಣೆಯ ಸದಸ್ಯತ್ವವನ್ನೂ ಬಿಟ್ಟುಕೊಟ್ಟಿದ್ದರು. ೧೯೩೯ರ ಚುನಾವಣೆಯಲ್ಲಿ ಅವರು ಅಭ್ಯರ್ಥಿಗಳಲ್ಲ, ಮತದಾರರಲ್ಲ, ನಿಬಂಧನೆಯ ದೃಷ್ಟಿಯಿಂದ ಸದಸ್ಯರೂ ಅಲ್ಲ. ಹೀಗಿದ್ದವರು ಸೋಲನ್ನು ತಮ್ಮದೆಂದರು. ದೇಶವೂ ಅದನ್ನು ಅವರದೆಂದೇ ತಿಳಿಯಿತು. ಅಧಿಕಾರವು ಪಟ್ಟಿಯಲ್ಲಿಲ್ಲದವರ ಕೈಯಲ್ಲಿ ಹೇಗೆ ನೆಲೆಸಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ಕಷ್ಟ.

ನ್ಯಾಯಶಾಸ್ತ್ರದಲ್ಲಿ ವಾದಿಯ ಪರಾಜಯಕ್ಕೆ ಕಾರಣವಾಗುವ ನಿಗ್ರಹಸ್ಥಾನಗಳನ್ನು ಇಪ್ಪತ್ತೆರಡೆಂದು ಎಣಿಸಿದೆ. ಅವುಗಳಲ್ಲಿ ಪ್ರತಿಜ್ಞಾಂತರವೆಂಬುದೊಂದು. ತಾನು ಮೊದಲು ಸ್ಥಾಪಿಸಹೊರಟ ಅರ್ಥವು ನಿರಾಕೃತವಾದಾಗ ವಾದಿಯು ಅದನ್ನು ರಕ್ಷಿಸಲು ಮತ್ತೊಂದು ಪ್ರತಿಜ್ಞೆಯನ್ನು ಮುಂದಿಟ್ಟರೆ ಅದು ಪ್ರತಿಜ್ಞಾಂತರವಾಗುತ್ತದೆ. ಮಧ್ಯಸ್ಥರು ಮೊದಲಿನ ಪ್ರತಿಜ್ಞೆಯನ್ನು ಕೇಳಿ ನಿರ್ಣಯವನ್ನಿತ್ತಿರುತ್ತಾರೆ. ಎರಡನೆಯದರ ವಿಷಯದಲ್ಲಿ ಅವರಿನ್ನೂ ಏನನ್ನೂ ಹೇಳಿರುವುದಿಲ್ಲ. ಜನವರಿ ೨೯ರಂದು ಪ್ರತಿನಿಧಿಗಳ ಮುಂದೆ ಇದ್ದ ಪ್ರಶ್ನೆಯು ಬೋಸರೋ ಪಟ್ಟಾಭಿಯವರೋ ಎಂಬುದು. ಜನವರಿ ೩೧ರ ಬಳಿಕ ಪ್ರಶ್ನೆಯು ಬೋಸರೋ ಗಾಂಧಿಯವರೋ ಎಂದಾಯಿತು. ಬೋಸರು ಫೆಬ್ರವರಿಯಲ್ಲಿ ಕೊಟ್ಟ ಉತ್ತರದಲ್ಲಿ ಈ ಅಂಶವನ್ನೇ ಹಿಡಿದರು: ಮತದಾರರನ್ನು ಮಹಾತ್ಮರ ಪರವಾಗಿ ಅಥವಾ ವಿರುದ್ಧವಾಗಿ ಮತ ಕೊಡಬೇಕೆಂದು ಯಾರೂ ಕೇಳಿರಲಿಲ್ಲವೆಂದರು. ಆದರೆ ಅದೇ ಹೇಳಿಕೆಯಲ್ಲಿ, ಉಳಿದವರೆಲ್ಲರ ವಿಶ್ವಾಸವನ್ನು ಗಳಿಸಿ ದೇಶದ ಮಹಾಪುರುಷರ ವಿಶ್ವಾಸವನ್ನು ಪಡೆಯದೆ ಹೋದರೆ ತಮಗದು ದುರಂತವೆಂಬ ಭಾವವನ್ನೂ ಪ್ರಕಟಿಸಿದರು. ಮೊದಲ ಮಾತಿನಿಂದ ಹೊಸ ಪ್ರಶ್ನೆಯನ್ನು ನಿರಾಕರಿಸಿ, ಎರಡನೆಯ ಮಾತಿನಿಂದ ಅದನ್ನು ಅಂಗೀಕರಿಸಿದಂತಾಯಿತು.

ಗಾಂಧಿಯವರ ಹೇಳಿಕೆಯಲ್ಲಿ ಗುಣವಿಲ್ಲವೆಂದು ಇದರಿಂದ ತಿಳಿಯಕೂಡದು. ಮರೆಯಲ್ಲಿದ್ದ ಹೊಣೆಯನ್ನು ಅವರು ಬೆಳಕಿಗೆ ತಂದರು. ತಮ್ಮ ಮಾತಿನ ಮೇಲೆ ನಿಂತು ಸೋತವನನ್ನು ಒಬ್ಬಂಟಿಗನನ್ನಾಗಿ ಬಿಡುವುದು ಅವರ ಸ್ವಭಾವಕ್ಕೆ ಒಗ್ಗತಕ್ಕದ್ದಾಗಿರಲಿಲ್ಲ. ದೋಷವು ಮಾತಿನಲ್ಲಿಲ್ಲ, ಕಾಲದಲ್ಲಿದೆ. ಪಟ್ಟಾಭಿಯವರ ಅಭ್ಯರ್ಥಿತ್ವವು ತಮ್ಮದೆಂಬುದನ್ನು ಅವರು ಜನವರಿ ೨೯ಕ್ಕೆ ಮುಂಚೆ ಪ್ರಕಟಿಸಿದ್ದರೆ ಪ್ರತಿನಿಧಿಗಳು ತಾವು ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿರುವೆವೆಂಬುದನ್ನು ತಿಳಿದು ಮತ ಕೊಡುತ್ತಿದ್ದರು. ಮುಂಚೆ ಹೇಳಿದ್ದರೆ ಉಪದೇಶವಾಗುತ್ತಿದ್ದುದು ಬಳಿಕ ಹೇಳಿದುದರಿಂದ ತೀರ್ಪಿನ ಮೇಲಣ ಮೇಲ್ಮನವಿಯಾಯಿತು.

೪

ಮೇಲ್ಮನವಿಯ ವಿಚಾರಣೆಯು ತ್ರಿಪುರಿಯಲ್ಲಿ ನಡೆಯಿತು. ಅದಕ್ಕೆ ಮುಂಚೆ, ಫೆಬ್ರವರಿ ೨೨ರಂದು, ವಾರ್ಧಾದಲ್ಲಿ ಸೇರಿದ್ದ ಕಾರ್ಯಕಾರಿ ಸಮಿತಿಯ ಹನ್ನೆರಡು ಮಂದಿ ಸದಸ್ಯರು ರಾಜೀನಾಮೆಯನ್ನಿತ್ತರು. ಜವಾಹರಲಾಲ ನೆಹರೂ ಅವರು ಬೇರೆ ಹೇಳಿಕೆಯನ್ನು ಕೊಟ್ಟು ತಾವೂ ದೂರ ಸರಿದರು. ಬೋಸರು ಅಸ್ವಸ್ಥರಾಗಿ ಆ ಸಭೆಗೆ ಬಂದಿರಲಿಲ್ಲ. ತಾವಿಲ್ಲದೆ ಸಭೆಯನ್ನು ನಡೆಸಬಾರದೆಂಬ ಅವರ ಸೂಚನೆಯನ್ನು ಸದಸ್ಯರು ತಮ್ಮಲ್ಲಿ ಅವಿಶ್ವಾಸವೆಂದು ಭಾವಿಸಿದರು. ರಾಜಿಯ ವಿಷಯವಾಗಿ ಬೋಸರು ಚುನಾವಣೆಯ ಕಾಲದಲ್ಲಿ ಆಡಿದ್ದ ಮಾತು ತಮ್ಮ ಪ್ರಾಮಾಣಿಕತೆಗೆ ಕಳಂಕವನ್ನು ತಂದಿತೆಂಬ ನೋವೂ ಅವರಿಗಿತ್ತು. ಗೆದ್ದವನು ಗೆದ್ದ ಮೇಲೆ ಮೊದಲು ಹಿಂದೆಗೆದುಕೊಳ್ಳಬೇಕಾದುದು ಸ್ಪರ್ಧೆಯ ಕಾಲದ ಆಕ್ಷೇಪವನ್ನು. ಅದನ್ನು ಬೋಸರು ಮಾಡಲಿಲ್ಲವೆಂಬುದನ್ನು ಅವರ ಪಕ್ಷಪಾತಿಗಳೂ ಒಪ್ಪಬೇಕಾಗುತ್ತದೆ.

೧೯೩೯ರ ಮಾರ್ಚಿ ತಿಂಗಳಲ್ಲಿ ಜಬ್ಬಲಪುರದ ಸಮೀಪದ ತ್ರಿಪುರಿಯಲ್ಲಿ ಅಧಿವೇಶನವು ಸೇರಿತು. ಅದು ಕಲಚುರಿ ಅರಸರ ಪ್ರಾಚೀನ ರಾಜಧಾನಿಯ ಸ್ಥಳ. ಜ್ವರಪೀಡಿತರಾದ ಅಧ್ಯಕ್ಷರನ್ನು ಮಂಚದ ಮೇಲೆ ಹೊತ್ತು ತರಬೇಕಾಯಿತು. ಗಾಂಧಿಯವರು ರಾಜಕೋಟೆಯಲ್ಲಿದ್ದರು, ಅಧಿವೇಶನಕ್ಕೆ ಬರಲಿಲ್ಲ. ಗೋವಿಂದವಲ್ಲಭ ಪಂತರು ಒಂದು ನಿರ್ಣಯವನ್ನು ತಂದರು: ಕಾಂಗ್ರೆಸ್ಸು ಗಾಂಧಿಯವರ ಮಾರ್ಗದರ್ಶನದಲ್ಲಿ ವಿಶ್ವಾಸವಿಟ್ಟಿದೆಯೆಂದೂ, ಅಧ್ಯಕ್ಷರು ಗಾಂಧಿಯವರ ಇಚ್ಛಾನುಸಾರವಾಗಿ ಕಾರ್ಯಕಾರಿ ಸಮಿತಿಯನ್ನು ನೇಮಿಸಬೇಕೆಂದೂ ಅದರ ಸಾರ. ಕಾಂಗ್ರೆಸ್ ಸೋಷಲಿಸ್ಟರು ತಟಸ್ಥರಾಗಿ ಉಳಿದರು, ನಿರ್ಣಯವು ಅಂಗೀಕೃತವಾಯಿತು.

ಬೋಸರನ್ನು ಆರಿಸಿದ ಪ್ರತಿನಿಧಿಗಳೂ ಪಂತರ ನಿರ್ಣಯವನ್ನು ಅಂಗೀಕರಿಸಿದ ಪ್ರತಿನಿಧಿಗಳೂ ಬೇರೆಯವರಲ್ಲ. ಇದನ್ನು ಚಂಚಲತೆಯೆಂದು ನಿಂದಿಸುವವರುಂಟು. ವಿಚಾರಿಸಿದರೆ ಅಲ್ಲಿ ಚಂಚಲತೆಯು ಕಾಣುವುದಿಲ್ಲ. ಎರಡು ಪ್ರಶ್ನೆಗಳನ್ನು ಕೇಳಲಾಯಿತು. ಅವರು ಎರಡಕ್ಕೂ ಉತ್ತರ ಕೊಟ್ಟರು. ಅಧ್ಯಕ್ಷಸ್ಥಾನದಲ್ಲಿ ಬೋಸರಿರಲಿ ಎಂಬುದು ಅವರ ಮೊದಲ ಉತ್ತರ. ಗಾಂಧಿಯವರು ಬಿಟ್ಟುಹೋಗಕೂಡದೆಂಬುದು ಎರಡನೆಯದು. ಈ ಎರಡನ್ನೂ ಒಟ್ಟಿಗೆ ನಡೆಸಬಹುದೆಂದು ಅವರು ನಂಬಿದ್ದರು. ನಂಬಿಕೆಯು ಕೈಗೂಡಲಿಲ್ಲ. ಗಾಂಧಿಯವರಿಗೂ ಬೋಸರಿಗೂ ವಾರಗಟ್ಟಲೆ ಪತ್ರವ್ಯವಹಾರ ನಡೆದರೂ ಸಮಿತಿಯು ರಚಿತವಾಗಲಿಲ್ಲ. ಸಮಿತಿಯನ್ನು ತಾವು ಹೇರಲಾರೆವೆಂದು ಗಾಂಧಿಯವರೂ, ನಿರ್ಣಯವಿರುವಾಗ ತಾವಾಗಿ ನೇಮಿಸಲಾರೆವೆಂದು ಬೋಸರೂ ನಿಂತುಬಿಟ್ಟರು. ಏಪ್ರಿಲ್ ೨೯ರಂದು ಕಲ್ಕತ್ತೆಯಲ್ಲಿ ಬೋಸರು ರಾಜೀನಾಮೆಯನ್ನಿತ್ತರು. ರಾಜೇಂದ್ರಪ್ರಸಾದರು ಆ ಸ್ಥಾನಕ್ಕೆ ಬಂದರು. ಗೆದ್ದ ದಿನದಿಂದ ಸರಿಯಾಗಿ ಮೂರು ತಿಂಗಳು. ಮೇ ತಿಂಗಳ ಮೊದಲಲ್ಲಿ ಫಾರ್ವರ್ಡ್ ಬ್ಲಾಕ್ ಹುಟ್ಟಿತು. ಆಗಸ್ಟಿನಲ್ಲಿ ಬೋಸರು ಮೂರು ವರ್ಷಗಳ ಕಾಲ ಕಾಂಗ್ರೆಸ್ಸಿನಲ್ಲಿ ಯಾವ ಚುನಾಯಿತ ಸ್ಥಾನವನ್ನೂ ವಹಿಸಕೂಡದೆಂದು ತೀರ್ಮಾನವಾಯಿತು.

ಈ ವೃತ್ತಾಂತದಲ್ಲಿ ಓದುಗರು ಗಮನಿಸದೆ ಬಿಡುವ ವ್ಯಕ್ತಿಯೆಂದರೆ ಸೋತ ಅಭ್ಯರ್ಥಿ. ಪಟ್ಟಾಭಿಯವರು ಮಚಲೀಪಟ್ಟಣದಲ್ಲಿ ವೈದ್ಯರಾಗಿದ್ದವರು. ೧೯೨೩ರಲ್ಲಿ ಆಂಧ್ರ ಬ್ಯಾಂಕನ್ನು ಸ್ಥಾಪಿಸಿದವರು. ೧೯೩೫ರಲ್ಲಿ ಕಾಂಗ್ರೆಸ್ಸಿನ ಇತಿಹಾಸವನ್ನು ಬರೆದವರು. ಇಷ್ಟಿದ್ದರೂ ೧೯೩೯ರ ಸೋಲು ಅವರ ಕೈಯಿಂದ ಜಾರಿ ಮತ್ತೊಬ್ಬರದಾಯಿತು. ತನ್ನ ಸೋಲನ್ನು ತಾನೇ ಅನುಭವಿಸಿ, ಅದರಿಂದ ಕಲಿತು, ಪುನಃ ಮತದಾರರ ಮುಂದೆ ನಿಲ್ಲುವ ಅವಕಾಶವೂ ಆ ಹೊತ್ತಿಗೆ ಅವರಿಗಿಲ್ಲವಾಯಿತು.

೫

ಆ ಅವಕಾಶವು ಒಂಬತ್ತು ವರ್ಷಗಳ ಬಳಿಕ ಬಂದಿತು. ೧೯೪೮ರ ಹೊತ್ತಿಗೆ ದೇಶವು ಸ್ವತಂತ್ರವಾಗಿತ್ತು; ಗಾಂಧಿಯವರು ಆ ವರ್ಷದ ಜನವರಿ ೩೦ರಂದು ಹತರಾಗಿದ್ದರು; ಬೋಸರೂ ಇರಲಿಲ್ಲ. ಜಯಪುರದ ಅಧಿವೇಶನದ ಅಧ್ಯಕ್ಷಸ್ಥಾನಕ್ಕೆ ಪಟ್ಟಾಭಿಯವರೂ ಸಂಯುಕ್ತ ಪ್ರಾಂತದ ಪುರುಷೋತ್ತಮದಾಸ ಟಂಡನ್ನರೂ ಸ್ಪರ್ಧಿಸಿದರು. ಪಟ್ಟಾಭಿಯವರಿಗೆ ೧೧೯೯, ಟಂಡನ್ನರಿಗೆ ೧೦೮೫ ಮತಗಳು ಬಂದವು. ಅಂತರವು ೧೧೪, ೧೯೩೯ಕ್ಕಿಂತಲೂ ಕಡಿಮೆ. ಮತದ ಸಂಖ್ಯೆಯೇ ಕಲಹಕ್ಕೆ ಕಾರಣವಾಗುವುದಾಗಿದ್ದರೆ ಇಲ್ಲಿ ಕಲಹವು ಹೆಚ್ಚಾಗಬೇಕಾಗಿತ್ತು.

ಹಾಗಾಗಲಿಲ್ಲ. ಟಂಡನ್ನರ ಬೆಂಬಲಿಗರು ಅನೇಕರಿದ್ದರೂ, ಇದು ಟಂಡನ್ನರ ಸೋಲಲ್ಲ, ನನ್ನದು ಎಂದು ಹೇಳಿದ ಹಿರಿಯರಾರೂ ಇರಲಿಲ್ಲ. ಸೋಲು ಟಂಡನ್ನರಲ್ಲಿಯೇ ಉಳಿಯಿತು. ಅವರು ಪಕ್ಷವನ್ನು ಬಿಡಲಿಲ್ಲ. ಹೊಸ ಸಂಘವನ್ನು ಕಟ್ಟಲಿಲ್ಲ. ತಮ್ಮ ಪ್ರಾಂತದಲ್ಲಿ ಕಾರ್ಯನಿರತರಾಗಿದ್ದು, ಸಂವಿಧಾನ ಸಭೆಯಲ್ಲಿ ಹಿಂದೀ ಭಾಷೆಯ ಪರವಾಗಿ ವಾದಿಸುತ್ತ, ಮುಂದಿನ ಚುನಾವಣೆಯನ್ನು ಕಾದರು. ಪಟ್ಟಾಭಿಯವರು ತಮ್ಮ ಅವಧಿಯನ್ನು ಪೂರೈಸಿದರು. ಈ ಎರಡು ವರ್ಷಗಳ ವಿಷಯವಾಗಿ ಇತಿಹಾಸಕಾರರು ಹೆಚ್ಚಾಗಿ ಬರೆಯುವುದಿಲ್ಲ; ಸೋತವನು ಸೋಲನ್ನು ತನ್ನಲ್ಲಿಯೇ ಇಟ್ಟುಕೊಂಡಾಗ ಬರೆಯತಕ್ಕ ಘಟನೆಗಳು ನಡೆಯದಿರುವುದೇ ಅದಕ್ಕೆ ಕಾರಣ.

೬

೧೯೫೦ರ ನಾಸಿಕದ ಅಧಿವೇಶನಕ್ಕೆ ಟಂಡನ್ನರು ಪುನಃ ನಿಂತರು. ಅವರಿಗೆದುರಾಗಿ ಆಚಾರ್ಯ ಕೃಪಲಾನಿಯವರೂ ಶಂಕರರಾವ್ ದೇವ್ ಅವರೂ ನಿಂತರು. ಅಧ್ಯಕ್ಷರ ಆಯ್ಕೆಯು ಏಕಮತದಿಂದಾಗಬೇಕೆಂದು ೧೯೩೯ರಲ್ಲಿ ಸಹಿ ಹಾಕಿದ್ದ ಇಬ್ಬರೂ ಈಗ ಒಬ್ಬರಿಗೊಬ್ಬರು ಪ್ರತಿಸ್ಪರ್ಧಿಗಳಾದರು. ಟಂಡನ್ನರಿಗೆ ೧೩೦೬, ಕೃಪಲಾನಿಯವರಿಗೆ ೧೦೯೨, ದೇವ್ ಅವರಿಗೆ ೨೦೨ ಮತಗಳು ಬಂದವು. ಕೃಪಲಾನಿಯವರಿಗಿಂತ ೨೧೪ ಹೆಚ್ಚಾದರೂ, ಉಳಿದಿಬ್ಬರ ಮತಗಳನ್ನು ಕೂಡಿಸಿದರೆ ಟಂಡನ್ನರ ಬಹುಮತವು ಹನ್ನೆರಡು ಮಾತ್ರ.

ಟಂಡನ್ನರಿಗೆ ಸರದಾರ ಪಟೇಲರ ಬೆಂಬಲವಿತ್ತು. ಪ್ರಧಾನಮಂತ್ರಿಗಳಾದ ನೆಹರೂ ಅವರು ನಿರಾಶ್ರಿತರು, ಪಾಕಿಸ್ತಾನ ಮುಂತಾದ ವಿಷಯಗಳಲ್ಲಿ ಟಂಡನ್ನರ ನಿಲವನ್ನು ಒಪ್ಪುತ್ತಿರಲಿಲ್ಲ. ಅವರು ಆರಿಸಲ್ಪಟ್ಟರೆ ತಾವು ಕಾರ್ಯಕಾರಿ ಸಮಿತಿಯಲ್ಲಿರುವುದು ಕಷ್ಟವೆಂದು ಪತ್ರಮುಖೇನ ಮುಂಚೆಯೇ ತಿಳಿಸಿದ್ದರು. ಹೀಗಾಗಿ ಕೃಪಲಾನಿಯವರ ಸೋಲು ಅವರೊಬ್ಬರದಾಗಿ ಉಳಿಯಲಿಲ್ಲ. ನಾಸಿಕದಲ್ಲಿ ನೆಹರೂ ಅವರ ನೀತಿಯನ್ನು ಸಮರ್ಥಿಸುವ ನಿರ್ಣಯಗಳು ಅಂಗೀಕೃತವಾದವು; ಟಂಡನ್ನರನ್ನು ಆರಿಸಿದ ಪ್ರತಿನಿಧಿಗಳೇ ಅವುಗಳಿಗೂ ಕೈಯೆತ್ತಿದರು. ತ್ರಿಪುರಿಯ ಎರಡು ಪ್ರಶ್ನೆಗಳು ಇಲ್ಲಿ ಪುನಃ ಕಾಣಬಂದವು. ನೆಹರೂ ಅವರು ಮೊದಲು ಹಿಂದೆಗೆದರೂ ಕೊನೆಗೆ ಸಮಿತಿಯನ್ನು ಸೇರಿದರು.

ಸೋತ ಅಭ್ಯರ್ಥಿಯಾದ ಕೃಪಲಾನಿಯವರು ಮೊದಲು ಪಕ್ಷದೊಳಗೇ ಡೆಮೊಕ್ರಾಟಿಕ್ ಫ್ರಂಟ್ ಎಂಬ ಗುಂಪನ್ನು ಕಟ್ಟಿದರು. ೧೯೫೧ರಲ್ಲಿ ಕಾಂಗ್ರೆಸ್ಸನ್ನು ಬಿಟ್ಟು ಕಿಸಾನ್ ಮಜದೂರ್ ಪ್ರಜಾ ಪಕ್ಷವನ್ನು ಸ್ಥಾಪಿಸಿದರು. ಆ ಪಕ್ಷವು ಮೈಸೂರಿನಲ್ಲಿಯೂ ಕೆಲವು ಸ್ಥಾನಗಳನ್ನು ಗಳಿಸಿತು. ಆದರೆ ೧೯೫೨ರಲ್ಲಿಯೇ ಅದು ಸೋಷಲಿಸ್ಟ್ ಪಕ್ಷದೊಡನೆ ಕೂಡಿ ಪ್ರಜಾ ಸೋಷಲಿಸ್ಟ್ ಪಕ್ಷವಾಯಿತು. ಇತ್ತ ಪಟೇಲರು ೧೯೫೦ರ ಡಿಸೆಂಬರ್ ೧೫ರಂದು ತೀರಿಕೊಂಡರು. ಮೊದಲ ಸಾರ್ವತ್ರಿಕ ಚುನಾವಣೆಯು ಸಮೀಪಿಸಿತು. ಅಭ್ಯರ್ಥಿಗಳನ್ನು ಆರಿಸುವ ಅಧಿಕಾರವು ಯಾರದೆಂಬ ಪ್ರಶ್ನೆಯು ಮೇಲೆದ್ದಿತು. ೧೯೫೧ರ ಆಗಸ್ಟಿನಲ್ಲಿ ನೆಹರೂ ಅವರು ಕಾರ್ಯಕಾರಿ ಸಮಿತಿಗೂ ಕೇಂದ್ರ ಚುನಾವಣಾ ಸಮಿತಿಗೂ ರಾಜೀನಾಮೆಯನ್ನಿತ್ತರು. ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಟಂಡನ್ನರು ಅಧ್ಯಕ್ಷಪದವಿಯನ್ನು ಬಿಟ್ಟರು. ನೆಹರೂ ಅವರೇ ಅಧ್ಯಕ್ಷರಾದರು.

ರಾಜೀನಾಮೆಯ ಮೂಲಕ ಗೆದ್ದವರನ್ನು ಅಲುಗಿಸುವ ಉಪಾಯವು ೧೯೩೯ರದೇ. ಬಳಿಕದ ನಡೆಯು ಮಾತ್ರ ಬೇರೆ. ಬೋಸರು ಹೊರಬಂದು ಬೇರೆ ದಾರಿಯನ್ನು ಹಿಡಿದರು. ಟಂಡನ್ನರು ತಮ್ಮ ಸ್ಥಾನಕ್ಕೆ ಬಂದವರ ಆಹ್ವಾನವನ್ನು ಒಪ್ಪಿ ಅದೇ ಕಾರ್ಯಕಾರಿ ಸಮಿತಿಯಲ್ಲಿ ಸಾಮಾನ್ಯ ಸದಸ್ಯರಾಗಿ ಕುಳಿತರು. ೧೯೪೮ರಲ್ಲಿ ಸೋಲನ್ನು ಸಹಿಸಿದವರು ೧೯೫೧ರಲ್ಲಿ ಗೆಲವಿನ ನಷ್ಟವನ್ನೂ ಸಹಿಸಿದರು. ಅವರ ಅಭಿಪ್ರಾಯಗಳನ್ನು ಒಪ್ಪದವರೂ ಈ ನಡತೆಯನ್ನು ಗಮನಿಸಬೇಕಾಗಿದೆ.

೭

ಮೂರು ವೃತ್ತಾಂತಗಳನ್ನೂ ಒಟ್ಟಿಗೆ ನೋಡಿದರೆ ಹೊರಡುವ ಅರ್ಥವಿಷ್ಟು. ಅಲ್ಪಾಂತರದ ಸೋಲು ಅಭ್ಯರ್ಥಿಯಲ್ಲಿಯೇ ನಿಂತಾಗ ಗೆಲವೂ ನಿಲ್ಲುತ್ತದೆ. ಅಭ್ಯರ್ಥಿಗಿಂತ ದೊಡ್ಡವರು ಅದನ್ನು ತಮ್ಮದಾಗಿಸಿಕೊಂಡಾಗ ಗೆದ್ದವನ ಎದುರಾಳಿಯು ಬದಲಾಗುತ್ತಾನೆ, ಮತದಾರರು ಕೊಟ್ಟ ಉತ್ತರವು ಅವರು ಕೇಳಿಸಿಕೊಂಡಿರದ ಪ್ರಶ್ನೆಗೆ ಹೊಂದಿಸಲ್ಪಡುತ್ತದೆ. ಪರೋಕ್ಷವಾಗಿದ್ದ ಪ್ರಭಾವವನ್ನು ಪ್ರಕಟಪಡಿಸುವುದು ತಪ್ಪಲ್ಲ. ಆದರೆ ಅದಕ್ಕೆ ಉಚಿತವಾದ ಕಾಲವು ಮತದಾನಕ್ಕೆ ಮುಂಚೆ.

ಇದರಿಂದ ಗಾಂಧಿಯವರ ಮಹತ್ತ್ವಕ್ಕಾಗಲಿ ನೆಹರೂ ಅವರ ಮಹತ್ತ್ವಕ್ಕಾಗಲಿ ಕುಂದಿಲ್ಲ. ಇಬ್ಬರೂ ದೇಶದ ಐಕ್ಯವನ್ನೇ ಉದ್ದೇಶಿಸಿದ್ದರು. ಅವರ ತೀರ್ಮಾನಗಳು ದೇಶಕ್ಕೆ ಹಿತವಾದವೆಂದು ಹೇಳುವವರಿಗೆ ಸಾಕಷ್ಟು ಆಧಾರಗಳೂ ಇವೆ. ಆದರೆ ಪ್ರತಿಯೊಂದು ಹಿತಕ್ಕೂ ಒಂದು ಬೆಲೆಯಿರುತ್ತದೆ. ೧೯೩೯ರ ಜನವರಿಯಲ್ಲಿ ಕರ್ನಾಟಕದ ೧೪೭ ಮಂದಿ ಪ್ರತಿನಿಧಿಗಳು, ಬೋಸರಿಗೆ ಮತವಿತ್ತ ೧೦೬ ಮಂದಿಯೂ ಪಟ್ಟಾಭಿಯವರಿಗಿತ್ತ ೪೧ ಮಂದಿಯೂ, ತಾವು ಅಧ್ಯಕ್ಷರನ್ನು ಆರಿಸುತ್ತಿರುವೆವೆಂದು ತಿಳಿದೇ ಮತ ಕೊಟ್ಟರು. ಎರಡು ದಿನಗಳ ಮೇಲೆ ತಾವು ಮತ್ತೇನನ್ನೋ ನಿರ್ಣಯಿಸಿದೆವೆಂದು ಅವರಿಗೆ ತಿಳಿಸಲಾಯಿತು. ಆ ೧೪೭ ಮಂದಿಯ ಪಕ್ಷದಿಂದ ನೋಡಿ ಬರೆದ ತ್ರಿಪುರಿಯ ಇತಿಹಾಸವು ಮಹಾಪುರುಷರ ಪಕ್ಷದಿಂದ ನೋಡಿ ಬರೆದ ಇತಿಹಾಸಕ್ಕೆ ಪೂರಕವಾಗಿ ನಿಲ್ಲತಕ್ಕದ್ದು.